ಗುರುದೇವಿ ಅಕ್ಕಾರ ಬ್ರೇಕ್ ಪ್ಯಾಡು

ಸ್ಟರ್ಲಿಂಗ್ ಹೈಟ್ಸ್‌ನ ಕನ್ನಡದವರಲ್ಲಿ ಗುರುದೇವಿ ಅಕ್ಕಾರ ಕಾರಿನ ಸದ್ದು ಗೊತ್ತಿಲ್ಲದವರು ಕಡಿಮೆ. ಅವರು ಗುಡಿಗೆ ಬಂದರೆ ಒಳಗೆ ಕೂತವರಿಗೆ ಮಂಗಳಾರತಿಯ ಗಂಟೆಗಿಂತ ಮೊದಲು ಅದೇ ಕೇಳಿಸುತ್ತದೆ. ಎಪ್ಪತ್ತೊಂದನೇ ಇಸವಿಯ ಡಾಜ್ ಡಾರ್ಟ್. ಎರಡೇ ಬಾಗಿಲು, ಕಿತ್ತಳೆ ಬಣ್ಣ, ಮುಂದೆ ಲಾರಿಗೆ ಸಾಕಾಗುವಂಥ ಎಂಟು ಸಿಲಿಂಡರಿನ ಎಂಜಿನ್. ಈ ಊರಿನ ಜನ ಇಂಥವನ್ನು ಮಸಲ್ ಕಾರ್ ಎಂದು ಕರೆದು, ಮೇಣ ತಿಕ್ಕಿ, ಹೊದಿಕೆ ಹೊದಿಸಿ ಗ್ಯಾರೇಜಿನಲ್ಲಿ ಮಲಗಿಸುತ್ತಾರೆ. ಅಕ್ಕಾರು ಅದರಲ್ಲಿ ಕೊತ್ತಂಬರಿ ತರಲು ಹೋಗುತ್ತಾರೆ.

ಅವರಿಗೆ ಕಾರಿನ ಹುಚ್ಚೇನೂ ಇರಲಿಲ್ಲ. ಗಂಡ ಗದಿಗೆಪ್ಪನವರು ಕಾರಿನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು. ಇವರು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದರು, ಹೆಚ್ಚಾಗಿ ರಾತ್ರಿ ಪಾಳಿ. ಮನೆಯಲ್ಲಿದ್ದದ್ದು ಒಂದೇ ಕಾರು, ಅದು ಗಂಡನದು. ಎಂಬತ್ತರ ದಶಕದಲ್ಲಿ ಪಕ್ಕದ ಮನೆಯ ಮುದುಕಿ ತನ್ನ ಮಗ ಬಿಟ್ಟುಹೋದ ಈ ಕಾರನ್ನು ಅಗ್ಗಕ್ಕೆ ಮಾರಲು ಹೊರಟಳು. ಪೆಟ್ರೋಲ್ ಕುಡಿಯುತ್ತವೆ ಎಂದು ಆಗ ಇವು ಯಾರಿಗೂ ಬೇಡವಾಗಿದ್ದವು. ಅಕ್ಕಾರು ಗಂಡನನ್ನು ಕೇಳದೆ ಕೊಂಡುಬಿಟ್ಟರು. ಚರ್ಚಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಆ ಮುದುಕಿಯೇ ಓಡಿಸಲು ಕಲಿಸಿದಳು.

"ಗಂಡನ ಕಡೆ ಡ್ರೈವಿಂಗ್ ಕಲಿಯೋದಂದ್ರ ಡೈವೋರ್ಸಿಗೆ ಅಪ್ಲೈ ಮಾಡಿದಂಗ," ಎಂದು ಅಕ್ಕಾರು ಇವತ್ತಿಗೂ ಹೇಳುತ್ತಾರೆ. ಅದೂ ಗದಿಗೆಪ್ಪನವರ ಎದುರೇ.

ನಾನು ರಾಣೆಬೆನ್ನೂರಿನವನು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಹುಬ್ಬಳ್ಳಿಯ ಗ್ಯಾರೇಜು ಸೇರಿದೆ. ತಂಗಿ ಇಲ್ಲಿಗೆ ಕರೆಸಿಕೊಂಡ ಮೇಲೂ ಅದೇ ಕೆಲಸ, ಅದೇ ಎಣ್ಣೆ ಕೈ. ನನ್ನ ಬಾಯಿಗೆ ಹೆದರಿ ಬೇರೆ ಗ್ಯಾರೇಜಿಗೆ ಹೋದ ಗಿರಾಕಿಗಳು ಇದ್ದಾರೆ. ಅಕ್ಕಾರು ಹೋಗಲಿಲ್ಲ. "ನೀ ಬೈಯೋದು ಕಾರಿಗೆ, ನನಗಲ್ಲ," ಎನ್ನುತ್ತಾರೆ. ಕೆಲವು ಸಲ ಅವರಿಗೇ ಬೈದಿರುತ್ತೇನೆ.

ಹೋದ ಚಳಿಗಾಲದಲ್ಲಿ ಅವರ ಬಲ ಮೊಣಕಾಲಿನ ಆಪರೇಷನ್ ಆಯಿತು. ಹಿಮ ಕರಗಿದ ಮೇಲೆ ಕಾರು ಹೊರತೆಗೆದರೆ, ಅದು ಸ್ಟಾಪ್ ಸೈನ್ ಹತ್ತಿರ ನಿಲ್ಲದೆ ಅರ್ಧ ಕಾರಿನಷ್ಟು ಗೆರೆ ದಾಟಿ ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಪಕ್ಕದಲ್ಲಿ ಕೂತಿದ್ದ ಗದಿಗೆಪ್ಪನವರು ಮನೆಗೆ ಬಂದವರೇ ಮಗ ರಾಜಶೇಖರನಿಗೆ ಫೋನ್ ಮಾಡಿದರು. ಅವನು ಶಿಕಾಗೋ ಕಡೆಯ ಅರೋರಾದಲ್ಲಿ ಮಕ್ಕಳ ಡಾಕ್ಟರು. ಮೇ ಕೊನೆಯ ಮೆಮೋರಿಯಲ್ ಡೇ ರಜೆಗೆ ಬಂದು ಅಮ್ಮನ ಪಕ್ಕ ಕೂತು ನೋಡುತ್ತೇನೆ, ಕಾರು ಸರಿಯಾಗಿ ನಿಲ್ಲದಿದ್ದರೆ ಕೀ ತೆಗೆದುಕೊಂಡು ಹೋಗಿ ಮಾರಿಬಿಡುತ್ತೇನೆ ಎಂದ. ಅಕ್ಕಾರು ಜಗಳ ಆಡಲಿಲ್ಲ. "ಖರೇನ, ನಿಲ್ಲದ ಕಾರು ಯಾಕ ಬೇಕು," ಎಂದು ಒಪ್ಪಿದರು. ಒಪ್ಪಿ, ಅದೇ ವಾರ ನನ್ನ ಗ್ಯಾರೇಜಿಗೆ ಬಂದರು. ಕೈಯಲ್ಲಿ ಬ್ರೇಕ್ ಪ್ಯಾಡಿನ, ಅಂದರೆ ಗಾಲಿಯ ಡಿಸ್ಕನ್ನು ಒತ್ತಿ ಹಿಡಿಯುವ ಬಿಲ್ಲೆಗಳ, ಡಬ್ಬಿ.

ಡಬ್ಬಿಯ ಮೇಲೆ ರೇಸ್ ಕಾರಿನ ಚಿತ್ರ. ಹಳೆ ಕಾರಿನವರು ಶನಿವಾರ ಸೇರುವಲ್ಲಿ ಯಾರೋ ಗಡ್ಡದವನು ಇದಕ್ಕಿಂತ ಗಟ್ಟಿ ಪ್ಯಾಡು ಇಲ್ಲ ಎಂದು ಕೊಡಿಸಿದ್ದನಂತೆ.

"ಇದು ರೇಸಿಂದು ಅಕ್ಕಾರ. ಚೊಲೋತ್ನಾಗ ಕಾದ್ರಷ್ಟ ಹಿಡೀತೈತಿ. ನೀವು ಅಂಗಡಿಗೆ ಹೋಗಿ ಬರೋದ್ರಾಗ ಇದು ಬೆಚ್ಚಗೂ ಆಗಂಗಿಲ್ಲ."

"ಅಂದ್ರ ತಣ್ಣಗಿದ್ದಾಗ ಹಿಡಿಯಂಗಿಲ್ಲ?"

"ನಿಮ್ಮ ಗಡ್ಡದವಗ ಕೇಳ್ರಿ."

"ಅವನ ಮಾರಿ ಯಾರು ನೋಡ್ತಾರ. ನೀ ಯಾವ್ದು ಅಂತಿ, ಅದನ್ನ ಹಾಕು."

ನಾನು ಸೆರಾಮಿಕ್ ಪ್ಯಾಡು ಹಾಕಿದೆ. ಕಿರುಗುಟ್ಟುವುದಿಲ್ಲ, ಗಾಲಿಗೆ ಕರಿ ಧೂಳು ಮೆತ್ತುವುದಿಲ್ಲ, ಈಗಿನ ಕಾರುಗಳಿಗೆ ಹೆಚ್ಚಾಗಿ ಅದೇ. ಹಿಂದಿನ ರಸ್ತೆಯಲ್ಲಿ ಓಡಿಸಿ ಬ್ರೇಕ್ ಒತ್ತಿದೆ. ಗಪ್ಪನೆ ನಿಂತಿತು. ಕೀ ಕೊಟ್ಟು ಕಳಿಸಿದೆ. ಎರಡು ದಿನ ಬಿಟ್ಟು ಅಕ್ಕಾರು ವಾಪಸ್ ಬಂದರು.

"ಹಿಡಿಯವಲ್ದು ತಮ್ಮಾ."

ಮತ್ತೆ ಓಡಿಸಿದೆ. ನಿಂತಿತು. ಈ ಕಾರಿಗೆ ಪವರ್ ಬ್ರೇಕ್ ಇಲ್ಲ, ಕಾಲು ಎಷ್ಟು ಒತ್ತುತ್ತದೋ ಅಷ್ಟೇ ಬಲ. ನನ್ನ ಕಾಲಿಗೆ ನಿಲ್ಲುವುದು ಅವರ ಕಾಲಿಗೆ ಯಾಕೆ ನಿಲ್ಲುವುದಿಲ್ಲ? ಮೊಣಕಾಲು ಸೋತಿದೆ, ನಿಜ. ಆದರೆ ಮೆಟ್ಟಿಲು ಹತ್ತುತ್ತಾರೆ, ಇಳಿಯುತ್ತಾರೆ, ಗುಡಿಯಲ್ಲಿ ಪ್ರದಕ್ಷಿಣೆ ಹಾಕುತ್ತಾರೆ.

"ಅಕ್ಕಾರ, ಕಾರು ನಿಲ್ತೈತಿ. ನೀವು ಒತ್ತವಲ್ರಿ."

"ಒತ್ತೀನೋ ಮಾರಾಯ."

"ಹಂಗಾರ ಗ್ವಾಡಿಗೆ ಗುದ್ದಿ ನಿಲ್ಲಸ್ರಿ. ನಾ ಮತ್ತ ಗಾಲಿ ಬಿಚ್ಚಂಗಿಲ್ಲ," ಎಂದು ನಟ್ಟು ಬಿಚ್ಚುವ ಪಾನಾ ಎಸೆದೆ. ಅದು ಕಬ್ಬಿಣದ ಟ್ರೇಗೆ ಬಡಿದ ಸದ್ದಿಗೆ ಆಚೆ ಕಡೆ ಕೆಲಸ ಮಾಡುತ್ತಿದ್ದವರೆಲ್ಲ ತಿರುಗಿ ನೋಡಿದರು.

ಅಕ್ಕಾರು ಬಗ್ಗಿ ಪಾನಾ ಎತ್ತಿ ನನ್ನ ಕೈಗೆ ಕೊಟ್ಟರು. "ಸಿಟ್ಟು ಮುಗೀತಂದ್ರ ಬಾಜೂಕ ಬಂದು ಕೂಡು. ನಾ ಓಡಸ್ತೀನಿ, ನೀ ನೋಡು."

ಹೋಗಿ ಬಾಗಿಲು ತೆಗೆದೆ. ನಾನು ಕಾಲಿಡುವ ಮೊದಲೇ ಅಕ್ಕಾರು ಹಳೆ ಪತ್ರಿಕೆಯೊಂದನ್ನು ಕಾಲಿಡುವ ಜಾಗಕ್ಕೆ ಹಾಸಿದರು. ಅವರು ಯಾವಾಗಲೂ ಹಾಗೆ ಮಾಡುತ್ತಾರೆ. ನನ್ನ ಬೂಟಿನ ಎಣ್ಣೆ ಹತ್ತಬಾರದೆಂದು ಇರಬೇಕು ಅಂದುಕೊಂಡಿದ್ದೆ. ಆಮೇಲೆ ಅವರು ತಮ್ಮ ಚಪ್ಪಲಿ ಕಳಚಿ, ಚೀಲಕ್ಕೆ ಹಾಕಿ, ಹಿಂದಿನ ಸೀಟಿನ ಮೇಲಿಟ್ಟು ಬರಿಗಾಲಲ್ಲಿ ಕೂತರು.

"ಇದೇನ್ರಿ, ಬರಿಗಾಲಾಗ ಓಡಸ್ತೀರಿ?"

"ಮತ್ತ? ಅತ್ತೆಮ್ಮ ಹೇಳ್ಯಾರಲ್ಲ."

ಅತ್ತೆ ಎಂದರೆ ಗದಿಗೆಪ್ಪನವರ ತಾಯಿ ದೇವಮ್ಮ. ಕಾರು ಕೊಂಡ ವರ್ಷ ಇಲ್ಲಿಗೆ ಬಂದಿದ್ದರಂತೆ. ಮಗ ಮುಖ ಊದಿಸಿಕೊಂಡು ಒಳಗೆ ಕೂತಿದ್ದಾಗ ಮುದುಕಮ್ಮ ಒಬ್ಬರೇ ಮನೆ ಮುಂದಿನ ಡ್ರೈವ್‌ವೇಗೆ ಬಂದು ಕಾರಿಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ಸೊಸೆಯನ್ನು ಕತ್ತಲಲ್ಲಿ ಒಯ್ದು ಕತ್ತಲಲ್ಲಿ ತರುವ ಗಾಡಿ ಇದು, ಇದರೊಳಗೆ ಕೆರ ಮೆಟ್ಟಿ ಕಾಲಿಡಬೇಡ ಎಂದರು. ಅಂದಿನಿಂದ ಅಕ್ಕಾರು ಇಟ್ಟಿಲ್ಲ. ಹಿಮ ಸುರಿಯುವಾಗಲೂ ಬೂಟು ಚೀಲಕ್ಕೆ ಹಾಕಿ ಉಣ್ಣೆಯ ಕಾಲುಚೀಲದಲ್ಲೇ ಪಾಳಿಗೆ ಹೋಗಿದ್ದಾರೆ.

ಸ್ಟಾಪ್ ಸೈನ್ ಬಂತು. ನಾನು ರಸ್ತೆ ಬಿಟ್ಟು ಅವರ ಪಾದವನ್ನೇ ನೋಡಿದೆ. ಪೆಡಲು ಸಣ್ಣದು, ಅದರ ರಬ್ಬರು ಸವೆದು ಕಬ್ಬಿಣದ ಅಂಚು ಕಾಣುತ್ತಿತ್ತು. ದಪ್ಪ ಅಟ್ಟೆಯ ಬೂಟಿದ್ದರೆ ಅದು ತಿಳಿಯುವುದೇ ಇಲ್ಲ. ಬರಿ ಪಾದ ಒಂದು ಮಟ್ಟಕ್ಕೆ ಒತ್ತಿ, ನೋವಾದ ಕೂಡಲೇ ತಾನಾಗಿ ಹಿಂದೆ ಸರಿಯುತ್ತದೆ. ಮೊಣಕಾಲು ಗಟ್ಟಿ ಇದ್ದಾಗ ಹೇಗೋ ನಡೆದಿತ್ತು. ಈಗ ಕಾರು ಗೆರೆ ದಾಟಿ ನಿಂತಿತು.

"ಚಪ್ಪಲ್ ಹಾಕ್ಕೊಳ್ರಿ, ಮುಗೀತು," ಎಂದೆ.

"ಆಗಂಗಿಲ್ಲ."

"ಮಗ ಕೀ ಒಯ್ತಾನ."

"ಒಯ್ಲಿ. ಚಪ್ಪಲ್ ಹಾಕ್ಕೊಂಡು ಓಡ್ಸೋದಾದ್ರ ಮನ್ಯಾಗ ನಮ್ಮವರ ಕಾರು ಐತಲ್ಲ."

ಅವರು ಉಪವಾಸದ ದಿನ ಉಳ್ಳಾಗಡ್ಡಿ ಬೇಡ ಎನ್ನುವಷ್ಟು ಸಹಜವಾಗಿ ಹೇಳಿದ್ದರು. ಅದಕ್ಕೆ ಸಿಟ್ಟು ಮಾಡುವುದು ಹೇಗೆ?

ಗ್ಯಾರೇಜಿಗೆ ಬಂದು ಬೂಟು, ಕಾಲುಚೀಲ ಬಿಚ್ಚಿ ನಾನೇ ಒತ್ತಿ ನೋಡಿದೆ. ಅಂಗಾಲಿಗೆ ಕಲ್ಲು ತುಳಿದಂತಾಯಿತು. ಬೇಕಾದದ್ದು ಗಟ್ಟಿ ಪ್ಯಾಡೂ ಅಲ್ಲ, ಸದ್ದಿಲ್ಲದ ಪ್ಯಾಡೂ ಅಲ್ಲ. ತಣ್ಣಗಿದ್ದಾಗಲೇ ಕಚ್ಚುವ, ಸ್ವಲ್ಪ ಒತ್ತಿದರೂ ಹಿಡಿಯುವ ಮೆತ್ತನೆಯದು. ಈ ಕಾರು ಹುಟ್ಟಿದ ಕಾಲದಲ್ಲಿ ಹಾಕುತ್ತಿದ್ದಂಥ ಆರ್ಗ್ಯಾನಿಕ್ ಎಂಬ ಜಾತಿಯ ಪ್ಯಾಡು. ಅದನ್ನೇ ತರಿಸಿದೆ. ಪೆಡಲಿಗೆ ಹೊಸ ರಬ್ಬರನ್ನೂ ಹಾಕಿದೆ. ರಬ್ಬರು ಪೆಡಲಿನದು, ಕಾಲಿನದಲ್ಲ, ಆದ್ದರಿಂದ ಅತ್ತೆಯ ಮಾತಿಗೆ ಅಡ್ಡಿಯಿಲ್ಲ ಎಂದು ಅಕ್ಕಾರು ತೀರ್ಪು ಕೊಟ್ಟರು. ಭಾನುವಾರ ಕಾರ್ಖಾನೆಗಳ ಹಿಂದಿನ ಖಾಲಿ ರಸ್ತೆಗೆ ಹೋಗಿ, ಓಡಿಸಿ, ನಿಧಾನಿಸಿ, ಮತ್ತೆ ಓಡಿಸಿ ಹೊಸ ಪ್ಯಾಡನ್ನು ಡಿಸ್ಕಿಗೆ ಹೊಂದಿಸಿದೆ. ಎಲ್ಲ ಬರಿಗಾಲಲ್ಲೇ. ಸಂಜೆಯ ಹೊತ್ತಿಗೆ ಪಾದ ನೋಯುವ ಮೊದಲೇ ಕಾರು ನಿಲ್ಲುತ್ತಿತ್ತು.

ರಾಜಶೇಖರ ಬಂದ ದಿನ ನನ್ನನ್ನೂ ಕರೆದರು. ಅವನು ಬೂಟು ಬಿಚ್ಚಿ ಅಮ್ಮನ ಪಕ್ಕ ಕೂತ. ಹಿಂದೆ ಗದಿಗೆಪ್ಪನವರು ಮತ್ತು ನಾನು, ನಮ್ಮ ನಮ್ಮ ಪಾದರಕ್ಷೆ ತೊಡೆಯ ಮೇಲೆ.

"ಅಮ್ಮಾ, ಇಲ್ಲಿ ಟ್ವೆಂಟಿಫೈವ್ ಮೈಲ್ಸ್."

"ಗೊತ್ತೈತಿ. ನೀ ಹುಟ್ಟೋಕಿಂತ ಮೊದ್ಲಿಂದ ಈ ರೋಡಿನ್ಯಾಗ ಅದೀನಿ."

ಬಡಾವಣೆಯ ಕೆರೆಯ ಹತ್ತಿರ ತಿರುಗಿದರೆ, ದೊಡ್ಡ ಬಾತುಗಳೆರಡು ಮರಿಗಳ ಸಾಲು ಕಟ್ಟಿಕೊಂಡು ರಸ್ತೆ ದಾಟುತ್ತಿದ್ದವು. ರಾಜಶೇಖರ "ಮಾಮ್" ಎಂದು ಎರಡೂ ಕಾಲು ನೆಲಕ್ಕೆ ಒತ್ತಿದ. ಅಷ್ಟರಲ್ಲಿ ಕಾರು ನಿಂತಾಗಿತ್ತು. ಮುಂದೆ ಇನ್ನೊಂದು ಕಾರು ನಿಲ್ಲುವಷ್ಟು ಜಾಗ ಉಳಿದಿತ್ತು.

ಮರಿಗಳಿಗೆ ಯಾವ ಅವಸರವೂ ಇರಲಿಲ್ಲ. "ಹಾರ್ನ್ ಹೊಡಿ," ಎಂದರು ಗದಿಗೆಪ್ಪನವರು.

"ಸುಮ್ನ ಕೂಡ್ರಿ. ದಾಟ್ಲಿ ಅವು."

ರಾಜಶೇಖರ ಅಮ್ಮನ ಪಾದ ನೋಡಿದ, ರಸ್ತೆ ನೋಡಿದ, ತಿರುಗಿ ನನ್ನನ್ನೂ ನೋಡಿದ. "ಓಕೆ," ಎಂದ. "ಬಟ್ ನೋ ಫ್ರೀವೇ, ಅಮ್ಮಾ. ಅಂಡ್ ನೋ ಸ್ನೋ."

"ಗುಡಿ, ಅಂಗಡಿ, ಲೈಬ್ರರಿ. ಯಾವದಕ್ಕ ಬೇಕು ಫ್ರೀವೇ? ಇನ್ನ ಹಿಮ ಬಿದ್ರ ರೋಡಿಗೆ ಉಪ್ಪು ಚೆಲ್ತಾರ, ಗಾಡಿ ತುಕ್ಕು ಹಿಡೀತೈತಿ. ಈಗೀಗ ನಾನ ತಗಿಯಂಗಿಲ್ಲ."

ರಜೆ ಮುಗಿಸಿ ಅವನು ಅರೋರಾಕ್ಕೆ ಹೋದ. ಕೀ ಇಲ್ಲೇ ಉಳಿಯಿತು. ಆ ವಾರವೇ ಅಕ್ಕಾರು ಗ್ಯಾರೇಜಿಗೆ ಬಂದರು. ಎಂಜಿನ್ ಆರಿಸದೆ ಕಿಟಕಿಯಿಂದಲೇ ಕೂಗಿ ಕೇಳಿದರು.

"ಈ ಪ್ಯಾಡು ಎಷ್ಟು ದಿನ ಬರ್ತಾವೋ?"

"ಮೆತ್ತಗಿನ ಮಾಲು ಅಕ್ಕಾರ, ಲಗೂನ ಸವೀತಾವು. ನೀವು ಓಡ್ಸೋದಕ್ಕ ಐದು ವರ್ಷ ಅನ್ಕೋರಿ."

"ಹಂಗಾರ ಇನ್ನೆರಡು ಸೆಟ್ ತರಿಸಿ ಇಟ್ಟುಬಿಡು. ಆಮ್ಯಾಲ ಸಿಗ್ತಾವೋ ಇಲ್ಲೋ."

ಅವರಿಗೆ ಈಗ ಎಪ್ಪತ್ತೆರಡು. ನಾನು ಮನಸ್ಸಿನಲ್ಲೇ ಹದಿನೈದು ಕೂಡಿಸಿ ನೋಡಿ, ಆರ್ಡರ್ ಹಾಕಿದೆ.