ಬಂಗಾರಿ ತವರಿಗೆ ಹೋದದ್ದು

ಇತ್ತೀಚೆಗೆ ನನಗೆ ಬಲಕ್ಕೆ ಸರಿಯುವ ಚಟ ಹತ್ತಿದೆ. ಬಸ್ಸು ತಿರುವಿನಲ್ಲಿ ತುಸು ವಾಲಿದರೆ ಸಾಕು, ಪಕ್ಕದವರ ತೊಡೆಯ ಮೇಲೆ ಅರ್ಧ ಕೂತುಬಿಡುತ್ತೇನೆ. ನಿನ್ನೆ ಸಿಂಧನೂರಿನ ನಮ್ಮ ಕಾಲೇಜಿನಲ್ಲಿ ಕುಂಟು ಕುರ್ಚಿಯೊಂದು ಎಡಕ್ಕೆ ಕಟಕ್ ಎಂದದ್ದೇ ತಡ, ಚಹಾದ ಕಪ್ಪಿನ ಸಮೇತ ಬಲಕ್ಕೆ ಜಿಗಿದೆ. ಸಹೋದ್ಯೋಗಿಗಳು ನಕ್ಕರು. ನಗಲಿ. ಅವರಲ್ಲಿ ಯಾರೂ ತುಂಬಿ ಹರಿಯುವ ಕಾಲುವೆಯ ದಂಡೆಯ ಮೇಲೆ, ಮೂರು ಗಾಲಿಯ ಗೂಡ್ಸ್ ಆಟೊದಲ್ಲಿ, ತುಂಬು ಬಸುರಿ ಹಂದಿಯ ಜೊತೆ ಕೂತವರಲ್ಲ.

ಹಂದಿಯ ಹೆಸರು ಬಂಗಾರಿ. ನನ್ನ ಹೆಂಡತಿ ನೀಲಮ್ಮನ ತವರು ಮಸ್ಕಿಯಾಚೆಯ ಸಂತೆಕಲ್ಲೂರು. ಅಲ್ಲಿ ಅವರ ಜೋಳದ ಹೊಲದ ಬದುವಿನಲ್ಲಿ ತಾಯಿ ಬಿಟ್ಟುಹೋದ ಮರಿಯೊಂದು ಸಿಕ್ಕಿತು. ನೀಲಮ್ಮ ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿದಳು, ಬೆಳೆದ ಮೇಲೆ ಸಿಂಧನೂರಿಗೆ ತಂದಳು. ಮುಂಜಾನೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಹಿತ್ತಲಿಗೆ ಹೋಗಿ ಹಂದಿಯ ಕಿವಿ ತುರಿಸುವವಳನ್ನು ಕಂಡು ಓಣಿಯವರು ಮೊದಮೊದಲು ಮೂಗು ಮುರಿದರು. ಆಮೇಲೆ ಅವರೇ ಮುಸುರೆ ತಂದುಕೊಡತೊಡಗಿದರು. ಮಡಿ ಎನ್ನುವುದು ಮುಸುರೆಯ ಬಕೆಟ್ಟು ತುಂಬುವ ತನಕ ಮಾತ್ರ.

ಬಂಗಾರಿ ಬಸುರಾದದ್ದು ಯಾರಿಂದ ಎಂದು ನಾವು ಕೇಳಲಿಲ್ಲ. ಆದರೆ ನಾನು ಓದಿದವನು, ಸುಮ್ಮನಿರಲಾಗಲಿಲ್ಲ. ಮೊಬೈಲಿನಲ್ಲಿ ಹಂದಿಯ ಬಾಣಂತನವನ್ನು ಅಭ್ಯಾಸ ಮಾಡಿದೆ. ಹೆರುವ ಮುಂಚೆ ಹಂದಿ ಬಾಯಲ್ಲಿ ಹುಲ್ಲು ಹೊತ್ತು ತಾನೇ ಗೂಡು ಕಟ್ಟುತ್ತದಂತೆ. ಚೊಚ್ಚಲದ ತಾಯಿ ಅಂದಾಜು ಸಿಗದೆ ಮರಿಗಳ ಮೇಲೆಯೇ ಮಲಗಿಬಿಡುತ್ತದಂತೆ. ಅದಕ್ಕೆ ಗೋಡೆಯುದ್ದಕ್ಕೂ ಬಿದಿರು ಕಟ್ಟಿದರೆ ಮರಿಗಳು ಅದರಡಿ ನುಸುಳಿ ಉಳಿಯುತ್ತವಂತೆ. ತುಂಬಿದ ಹೊಟ್ಟೆಗೆ ಕುಲುಕಾಟ ಆಗಬಾರದಂತೆ. ನಾನು ಹಿತ್ತಲಿನಲ್ಲಿ ಬಿದಿರು ಕಟ್ಟಿದೆ, ನೆಲ್ಲುಹುಲ್ಲು ಹಾಸಿದೆ, ಬೆಚ್ಚಗಿರಲೆಂದು ಬಲ್ಬು ತೂಗುಹಾಕಿದೆ. ನೀಲಮ್ಮ ಬಂದು ಎಲ್ಲವನ್ನೂ ನೋಡಿದಳು.

"ಛಲೋ ಮಾಡೀರಿ. ಆದ್ರ ಚೊಚ್ಚಲ ತವರಾಗ ಆಗಬೇಕು."

"ಯಾರ ತವರು?"

"ಅದರ ತವರು. ಸಂತೆಕಲ್ಲೂರು. ನನ್ನ ಚೊಚ್ಚಲ ಎಲ್ಲಾತು? ನಾ ಸಾಕಿದ ಮಗಳಿಗೆ ಬ್ಯಾರೆ ಪದ್ಧತಿ ಏನ್ರಿ?"

ವಾದಿಸಿ ದಣಿಯುವುದಕ್ಕಿಂತ ಒಪ್ಪಿ ದಣಿಯುವುದು ಲೇಸು. ಒಪ್ಪಿದೆ.

ಹೊರಡುವ ಮುಂಜಾನೆ ಆಟೊದಲ್ಲಿ ನಿಂತ ಬಂಗಾರಿಗೆ ಕುಂಕುಮ ಹಚ್ಚಿ ಉಡಿ ತುಂಬಿದಳು. ಹೆಣ್ಣುಮಗಳನ್ನು ಕಳಿಸುವಾಗ ಸೆರಗಿಗೆ ಹಾಕುವ ಅಕ್ಕಿ, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ. ಹಂದಿಗೆ ಸೆರಗಿಲ್ಲವಾದ್ದರಿಂದ ಎಲ್ಲವನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ, ಹಿಂದೆ ಅದರ ಬಲಕ್ಕೆ ಕೂತಿದ್ದ ನನ್ನ ತೊಡೆಯ ಮೇಲಿಟ್ಟಳು.

"ಇದರಿಂದ ಏನು ಉಪಯೋಗ?" ಎಂದೆ.

"ಎಲ್ಲಾದಕ್ಕೂ ಉಪಯೋಗ ಕೇಳಬಾರದ್ರಿ," ಎಂದವಳು, ಮುಂದಾಗಿ ಹೋಗಿ ಕೊಟ್ಟಿಗೆ ಹಸನು ಮಾಡಲು ಬಸ್ಸು ಹತ್ತಿದಳು.

ದೊಡ್ಡ ರಸ್ತೆಯ ತುಂಬ ಹಂಪ್ಸ್. ಕುಲುಕಾಟ ಬೇಡವೆಂದು ಕಾಲುವೆ ದಂಡೆಯ ಮಣ್ಣುದಾರಿ ಹಿಡಿಸಿದವನು ನಾನೇ. ಆಟೊದ ಹುಲಿಗೆಪ್ಪ, "ದಂಡಿ ಹಸಿ ಐತ್ರಿ ಸರ್ರ," ಎಂದ. ನಾನು ಮೊಬೈಲು ತೆಗೆದು ಓದಿ ಹೇಳಿದೆ. ಅವನು ಸುಸ್ತಾಗಿ ಗಾಡಿ ತಿರುಗಿಸಿದ.

ಎದುರಿಗೆ ಹುಲ್ಲು ಹೇರಿದ ಟ್ರ್ಯಾಕ್ಟರ್ ಬಂತು. ಹುಲಿಗೆಪ್ಪ ಎಡಕ್ಕೆ ಸರಿಸಿದ. ಎಡಗಾಲಿಯ ಕೆಳಗಿನ ಮಣ್ಣು ಸದ್ದಿಲ್ಲದೆ ಕುಸಿಯಿತು. ಆ ಸದ್ದಿಲ್ಲದಿರುವಿಕೆಯೇ ಈಗಲೂ ನನ್ನನ್ನು ಎಬ್ಬಿಸುತ್ತದೆ. ಆಟೊ ನೀರಿನ ಕಡೆಗೆ ಬಾಗಿ ನಿಂತಿತು. ಬೆದರಿದ ಬಂಗಾರಿ ತನ್ನ ಮೈಭಾರವನ್ನೆಲ್ಲ ಎಡಗಡೆಯ ಪಟ್ಟಿಗೆ ಒತ್ತಿ, ಕೆಳಗೆ ಹರಿಯುವ ಕೆಂಪು ನೀರನ್ನು ನೋಡುತ್ತಿತ್ತು. ಮುಳುಗಿದ ಭೂಮಿಯನ್ನು ವರಾಹ ನೀರಿನಿಂದ ಎತ್ತಿತೆಂದು ಪುರಾಣ ಹೇಳುತ್ತದೆ. ನಮ್ಮ ವರಾಹ ಆ ಕೆಲಸವನ್ನು ತಿರುಗುಮುರುಗು ತಿಳಿದುಕೊಂಡಿತ್ತು.

"ಸರ್ರ, ಅಳ್ಳಾಡಬ್ಯಾಡ್ರಿ! ಜೋರಾಗಿ ಉಸುರು ಬಿಟ್ರೂ ಗಾಡಿ ನೀರಿಗೆ ಹೋಗ್ತೈತಿ!" ಹುಲಿಗೆಪ್ಪ ಆಗಲೇ ಕೆಳಗೆ ಜಿಗಿದು, ಬಲಗಡೆಯ ಕಂಬಿಗೆ ಜೋತುಬಿದ್ದಿದ್ದ.

ನಾನೂ ಜಿಗಿಯಬಹುದಿತ್ತು. ಆದರೆ ನಾನು ಇಳಿದರೆ ಬಲಗಡೆಯ ಭಾರ ಹಗುರಾಗಿ ಬಂಗಾರಿ ಹೊಟ್ಟೆಯ ಮರಿಗಳ ಸಮೇತ ಕಾಲುವೆಗೆ ಹೋಗುತ್ತಿತ್ತು. ಧೈರ್ಯದಿಂದ ಕೂತೆನೆಂದು ಹೇಳಿಕೊಳ್ಳಲಾರೆ, ಕಾಲು ಏಳಲಿಲ್ಲ. "ಬಂಗಾರಿ, ಬಾ ಅವ್ವ" ಎಂದು ಕರೆದೆ. ಅದು ಕಿವಿಯನ್ನೂ ಆಡಿಸಲಿಲ್ಲ. ಆಗ ತೊಡೆಯ ಮೇಲಿನ ಗಂಟು ಕೈಗೆ ತಾಗಿತು. ನೀಲಮ್ಮ ಹಾಕಿದ ಗಂಟು ಸುಲಭಕ್ಕೆ ಬಿಚ್ಚುವಂಥದ್ದಲ್ಲ. ಹಲ್ಲಿನಿಂದ ಬಟ್ಟೆ ಹರಿದು, ಬೆಲ್ಲ ಕೊಬ್ಬರಿಗಳನ್ನು ಬಲಮೂಲೆಗೆ ಸುರಿದೆ.

ಬಂಗಾರಿಯ ಮೂಗು ಅರಳಿತು. ಒಂದು ಸಲ ನೀರನ್ನು, ಒಂದು ಸಲ ಬೆಲ್ಲವನ್ನು ನೋಡಿತು. ಆಮೇಲೆ ನಿಧಾನಕ್ಕೆ, ತವರಿಗೆ ಹೊರಟ ಬಸುರಿಯ ಗತ್ತಿನಲ್ಲಿ, ಹತ್ತಿ ಬಂದು ನನ್ನ ಪಾದದ ಮೇಲೆಯೇ ನಿಂತು ತಿನ್ನತೊಡಗಿತು. ಆಟೊ ನರಳಿ ಬಲಕ್ಕೆ ಕೂತಿತು. ಟ್ರ್ಯಾಕ್ಟರಿನವನು ಹಗ್ಗ ಬಿಗಿದು ಎಳೆದ.

"ಬಸುರೀನ ಈ ದಾರ್ಯಾಗ ಯಾರರ ತರ್ತಾರೇನ್ರಿ?" ಎಂದು ಬೈದ.

"ನಂದಲ್ಲಪ. ಮೊಬೈಲ್‌ನಾಗ ಬರದೈತಂತ," ಎಂದ ಹುಲಿಗೆಪ್ಪ.

ನಾನು ಅಂಗೈಯನ್ನು ಬಂಗಾರಿಯ ಹೊಟ್ಟೆಯ ಮೇಲಿಟ್ಟೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಳಗಿನಿಂದ ಯಾರೋ ಒದ್ದರು. ಅದರ ಪಕ್ಕದಲ್ಲಿ ಇನ್ಯಾರೋ ಒದ್ದರು. ಜೀವನದಲ್ಲಿ ನಾನು ತಿಂದ ಅತ್ಯಂತ ಸಮಾಧಾನದ ಒದೆಗಳು ಅವು.

ಸಂತೆಕಲ್ಲೂರಿನಲ್ಲಿ ನೀಲಮ್ಮ ಮೊದಲು ಕೇಳಿದ್ದು, "ಉಡಿ ಎಲ್ಲಿ?" ಎಂದು. ನಡೆದದ್ದನ್ನು ಹೇಳಿದೆ. ಅವಳು ಸೆರಗಿನಿಂದ ಮೊದಲು ಬಂಗಾರಿಯ ಮುಖ ಒರೆಸಿದಳು, ಆಮೇಲೆ ನನ್ನದು. ಅಲ್ಲಿನ ಕೊಟ್ಟಿಗೆಗೂ ಗೋಡೆಯುದ್ದಕ್ಕೆ ಬಿದಿರು ಕಟ್ಟಿಕೊಟ್ಟು ನಾನೊಬ್ಬನೇ ಸಿಂಧನೂರಿಗೆ ಮರಳಿದೆ.

ಇಂದು ಮುಂಜಾನೆ ಅತ್ತೆಯವರ ಫೋನು ಬಂತು. "ಅಳಿಯಾರ, ನಿಮ್ಮ ಮಗಳು ಬೆಳಕು ಹರಿದಾಗಿಂದ ಹುಲ್ಲು ಹೊರಾಕತ್ತಾಳ. ನೀವು ಕಟ್ಟಿಕೊಟ್ಟ ಬಿದಿರಿನ ಮಗ್ಗಲಾಗ ಗೂಡು ಮಾಡ್ಯಾಳ. ಇವತ್ತೋ ನಾಳೆಯೋ ರೀ." ಹಿಂದಿನಿಂದ ನೀಲಮ್ಮನ ದನಿಯೂ ಕೇಳಿಸಿತು: ಬಾಣಂತನ ಮುಗಿದ ಮೇಲೆ ತಾಯಿ, ಮರಿಗಳನ್ನು ಕರೆದೊಯ್ಯಲು ನಾನೇ ಆಟೊ ತರಬೇಕಂತೆ, ಮತ್ತೆ ಉಡಿ ತುಂಬುತ್ತಾಳಂತೆ.

ಈ ಸಲ ಉಪಯೋಗ ಏನೆಂದು ಕೇಳಲಿಲ್ಲ. ಬೆಲ್ಲ ತುಸು ಜಾಸ್ತಿ ಇರಲಿ ಎಂದೆ, ಗಂಟು ಮಾತ್ರ ಸಡಿಲ ಇರಲಿ ಎಂದೆ.