ಒಂದು ಏಟಿನ ಮದ್ದು

ಹಂದಿ ಬಿದ್ದಿರಲಿಲ್ಲ. ಬಿತ್ತು ಎಂದು ಕೂಗಿದವನು ನಾನು. ಬಿದ್ದಿಲ್ಲವೆಂದು ಗೊತ್ತಿದ್ದೇ ಕೂಗಿದೆ — ಹೊಗೆಯಲ್ಲಿ ಕಾಣಲಿಲ್ಲ, ಅವಸರದಲ್ಲಿ ಕಣ್ಣು ತಪ್ಪಿತು ಎಂದೆಲ್ಲ ಸಮಾಧಾನ ಹೇಳಿಕೊಳ್ಳಲು ನನಗೆ ದಾರಿಯೇ ಇಲ್ಲ. ಬಂಡೆಯ ಮೇಲೆ ನಿಂತಿದ್ದೆ, ಬಿಸಿಲು ಬೆನ್ನಿಗಿತ್ತು. ಹಂದಿ ಮುಗ್ಗರಿಸಿ, ಎದ್ದು, ಕುಂಟುತ್ತಾ ಪೊದೆಯೊಳಗೆ ನುಗ್ಗಿದ್ದನ್ನು ಚೆನ್ನಾಗಿಯೇ ನೋಡಿದೆ. ಆಮೇಲೆ ಬಾಯಿ ತೆರೆದೆ. ನನ್ನ ಮಾತು ನಂಬಿ ಖಾಲಿ ಕೋವಿ ಹಿಡಿದು ಆ ಪೊದೆಗೆ ಹೋದ ಕರಿಯಣ್ಣ ಇವತ್ತಿಗೂ ಬಲಗಾಲನ್ನು ಎಳೆದುಕೊಂಡೇ ನಡೆಯುತ್ತಾನೆ.

ನಾನು ಮಧುಗಿರಿಯಲ್ಲಿ ಟೈಲರು. ಕರಿಯಣ್ಣ ಕೊರಟಗೆರೆ ದಾರಿಯ ಒಂದು ಹಳ್ಳಿಯವನು, ನನ್ನ ಜೊತೆ ಸ್ಕೂಲಿಗೆ ಬಂದವನು, ಸಂತೆಯ ದಿನ ತಪ್ಪದೆ ನನ್ನ ಅಂಗಡಿಗೆ ಬಂದು ಮಿಷನ್ನಿನ ಪಕ್ಕ ಕೂರುತ್ತಿದ್ದವನು. ಅವನ ಹತ್ತಿರ ಅಪ್ಪನ ಕಾಲದ ಕೇಪಿನ ಕೋವಿಯಿತ್ತು — ನಳಿಗೆಯ ಬಾಯಿಂದ ಮದ್ದು, ಚರೆ ಸುರಿದು ಗಜವೆಂಬ ಕಬ್ಬಿಣದ ಕಡ್ಡಿಯಿಂದ ಜಡಿದು ತುಂಬುವಂಥದು. ಕಡಲೆಕಾಯಿ ಹೊಲ ಕಾಯಲೆಂದು ಲೈಸೆನ್ಸ್ ಇತ್ತು, ಬೇಟೆಗಲ್ಲ. ಆ ಕೋವಿಗೆ ಇರುವುದು ಒಂದೇ ಏಟು. ಹಾರಿಸಿದ ಮೇಲೆ ನಿಂತ ಜಾಗದಲ್ಲೇ ಮತ್ತೆ ಮದ್ದು ತುಂಬಬೇಕು, ತುಂಬಿದ ಮೇಲೇ ಕಾಲು ಕೀಳಬೇಕು. ಅದು ಅವನಪ್ಪ ಕಲಿಸಿದ್ದು, ಆ ಕಡೆ ಬೇಟೆ ಆಡುವವರೆಲ್ಲ ಪಾಲಿಸುತ್ತಿದ್ದದ್ದು. ಮೊಲ ಹೊಡೆದರೂ ಕರಿಯಣ್ಣ ಹಾಗೇ ಮಾಡುತ್ತಿದ್ದ. ನಾವು ನಗುತ್ತಿದ್ದೆವು.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ಊರಿನ ದೊಡ್ಡವರು ಜೀಪು ಮಾಡಿಕೊಂಡು, ಶಿಕಾರಿಯವರನ್ನು ಕಟ್ಟಿಕೊಂಡು ಕಾಡಿಗೆ ಹೋಗಿ ಬಂದು ಜಂಭ ಕೊಚ್ಚುತ್ತಿದ್ದರು. ನಮಗೂ ಹುಚ್ಚು ಹತ್ತಿತು. ಜೀಪಿಲ್ಲದೆ, ಯಾರ ಹಂಗೂ ಇಲ್ಲದೆ, ಪಾವಗಡದಾಚೆ ಆಂಧ್ರದ ಗಡಿಯ ಗುಡ್ಡಗಳಿಗೆ ನಾವೇ ಹೋಗಿ ಒಂದು ದೊಡ್ಡ ಹಂದಿ ಹೊಡೆದು ತರುವುದು ಎಂದು ಮಾತಾಯಿತು. ನಾನು, ಕರಿಯಣ್ಣ, ಹಿಟ್ಟಿನ ಗಿರಣಿಯ ಸಿದ್ದಪ್ಪ — ಮೂವರೇ. ಬಸ್ಸು ಇಳಿಸುವ ಜಾಗದಿಂದ ಮುಂದೆ ರಸ್ತೆಯಿಲ್ಲ, ನೀರಿಲ್ಲ, ಅರ್ಧ ದಿನದ ನಡಿಗೆ.

"ಖರ್ಚಿನ ಯವಾರ ಟೈಲರ್ ನೋಡ್ಕೊಳ್ಲಿ ಕಣ್ಲಾ," ಎಂದ ಸಿದ್ದಪ್ಪ. "ಬಟ್ಟೆ ಕತ್ತರ್ಸೋವಾಗ ಬೆರಳಗ್ಲ ತುಂಡೂ ದಂಡ ಮಾಡಲ್ಲ ಇವ್ನು."

ಹೊಗಳಿಕೆಗೆ ಉಬ್ಬಿಹೋದೆ. ಒಪ್ಪಿಕೊಂಡೆ.

ಅಲ್ಲಿಂದ ನನ್ನ ನಿದ್ದೆ ಕೆಟ್ಟಿತು. ಬಸ್ ಚಾರ್ಜು, ರಾಗಿಹಿಟ್ಟು, ಖಾರದಪುಡಿ, ನೀರು ಹೊರುವವನ ಕೂಲಿ, ಮದ್ದು, ಚರೆ, ಕೇಪು, ಹಂದಿ ಎಬ್ಬಿಸಲು ಸೋವುವವರ ಕೂಲಿ — ಅಂಗಿಯ ಅಳತೆ ತೆಗೆಯುತ್ತಿದ್ದರೂ ಬಾಯಲ್ಲಿ ಇದೇ ಲೆಕ್ಕ. ಎಷ್ಟು ಕೂಡಿದರೂ ನಾವು ಮೂವರು ಹಾಕಿದ ದುಡ್ಡು ಸಾಲುತ್ತಿರಲಿಲ್ಲ. ಸಾಲುವುದಿಲ್ಲ ಎಂದು ಹೇಳಿದ್ದರೆ ಆಗುತ್ತಿತ್ತು! ಹೇಳಲಿಲ್ಲ. ನಾಚಿಕೆ. ಅದರ ಬದಲು ಒಂದು ಉಪಾಯ ಹೂಡಿದೆ. ಇನ್ನೂ ಕಾಡಿನಲ್ಲಿ ಓಡಾಡಿಕೊಂಡಿದ್ದ ಹಂದಿಯ ಮಾಂಸವನ್ನು ಮಧುಗಿರಿಯಲ್ಲಿ ಮುಂಗಡಕ್ಕೆ ಮಾರಿಬಿಟ್ಟೆ. ಮಿಲ್ಟ್ರಿ ಹೋಟಲಿನವನಿಗೆ ಹಿಂದೊಡೆ, ಕಾಂಪೌಂಡರನಿಗೆ ಹಿಂದೊಡೆ, ಬಸ್ ಏಜೆಂಟನಿಗೆ ಹಿಂದೊಡೆ... ಯಾರು ಕೇಳಿದರೂ ಆಗಲಿ ಎಂದೆ. ಎಲ್ಲರಿಗೂ ತೊಡೆಯೇ ಬೇಕು. ಹಂದಿಗಿರುವ ತೊಡೆ ಎರಡೇ ಎಂಬುದು ಟೈಲರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎರಡು ಹಂದಿ ಬಿದ್ದರೆ ಸರಿಹೋಗುತ್ತದೆ ಎಂದುಕೊಂಡೆ. ಒಂದೂ ಬೀಳದಿದ್ದರೆ — ಆ ಯೋಚನೆ ಬಂದ ಕೂಡಲೇ ಮಿಷನ್ನು ಜೋರಾಗಿ ತುಳಿಯುತ್ತಿದ್ದೆ. ಈ ಮಾರಾಟದ ಸುದ್ದಿ ಕರಿಯಣ್ಣನಿಗೂ ಹೇಳಲಿಲ್ಲ, ಸಿದ್ದಪ್ಪನಿಗೂ ಹೇಳಲಿಲ್ಲ.

ಮದ್ದಿಗೆ ಸಿರಾಕ್ಕೆ ಹೋದೆ. ಪೇಟೆಯಲ್ಲಿ ಪಟಾಕಿ, ಚರೆ ಮಾರುವ ಸಾಬರೊಬ್ಬರು ಗುರುತಿದ್ದರು. "ಕ್ಯಾ ಕರ್ನಾ ಟೈಲರ್ ಸಾಬ್, ರೇಟು ಏರ್ಬುಟೈತೆ," ಎಂದು ತಕ್ಕಡಿ ಎತ್ತಿದರು. "ಶಿಕಾರಿಗೆ ಹೋಗೋರು ಮದ್ದಲ್ಲಿ ಕಂಜೂಸಿ ಮಾಡ್ಬಾರ್ದು, ನೋಡ್ರಿ." ನಾನು ಕೇಳಿಸಿಕೊಳ್ಳದವನಂತೆ, ಬೇಕಾದದ್ದರಲ್ಲಿ ಅರ್ಧ ಕೊಂಡೆ. ಕೆಲವೇ ಏಟಿನ ಮದ್ದು. ಬೇಟೆನಾಯಿಗಳ ಯಜಮಾನ ಬಾಡಿಗೆ ಕೇಳಿದನೆಂದು ನಾಯಿಗಳನ್ನೂ ಕೈಬಿಟ್ಟೆವು. ಅದಕ್ಕೆ ಮೂವರೂ ಒಪ್ಪಿದ್ದೆವು, ಅದನ್ನು ಮುಚ್ಚಿಟ್ಟಿಲ್ಲ.

ಗುಡ್ಡದ ಬುಡದ ಹಳ್ಳಿಯಲ್ಲಿ ಸೋವಿನವರ ಮುಖಂಡ ಓಬಳೇಶ ಕೈ ಚಾಚಿಕೊಂಡೇ ನಿಂತಿದ್ದ. "ಡಬ್ಬು ಮುಂದು ಈಯಾಲ ಅನ್ನಾ, ಪಂದಿ ಸಂಗತಿ ತರುವಾತ." ಮೊದಲು ದುಡ್ಡು, ಹಂದಿಯ ಮಾತು ಆಮೇಲೆ. ಕೊಟ್ಟೆ. ಮೊದಲ ದಿನ ಬರೀ ಜಾಲಿಮುಳ್ಳು, ಬಂಡೆ, ಬಿಸಿಲು. ಹಂದಿಯ ಹೆಜ್ಜೆ ಕಂಡಿತು, ಹಂದಿ ಕಾಣಲಿಲ್ಲ. ಎರಡನೆಯ ದಿನಕ್ಕೂ ಕೂಲಿ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ನೀರು ತಳ ಕಂಡಿತ್ತು, ಹಿಟ್ಟು ಮುಗಿದಿತ್ತು, ನನ್ನ ಜೇಬಿನಲ್ಲಿ ವಾಪಸು ಬಸ್ಸಿಗೆ ಬೇಕಾದಷ್ಟೇ ಉಳಿದಿತ್ತು. ಕರಿಯಣ್ಣ ಮುಖ ಒರೆಸಿಕೊಂಡು, "ಬುಡ್ಲಾ ಅತ್ಲಾಗೆ, ಈ ಸಲ ನಮ್ ನಸೀಬಲ್ಲಿಲ್ಲ. ಹೊಂಟೋಗಾನ," ಎಂದ. ಎಷ್ಟು ಸಲೀಸಾಗಿ ಅಂದ! ನನ್ನ ಕಣ್ಣ ಮುಂದೆ ಹೋಟಲಿನವನು, ಕಾಂಪೌಂಡರು, ಏಜೆಂಟು ಸಾಲಾಗಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದರು. "ಇದೊಂದು ಕಣಿವೆ ನೋಡ್ಬುಡಾನ," ಎಂದು ಕಾಲು ಹಿಡಿಯುವ ಹಾಗೆ ಕೇಳಿಕೊಂಡೆ. ನನ್ನ ಮುಖ ನೋಡಿ ಒಪ್ಪಿದ. ಅವನು ಯಾವತ್ತೂ ಹಾಗೇ.

ಸೋವಿನವರು ಆಚೆಯಿಂದ ಕೂಗು ಹಾಕಿದರು. ಕರಿಯಣ್ಣ ಕೆಳಗೆ ಕಣಿವೆಯ ಬಾಯಲ್ಲಿ ಕೂತ. ಸಿದ್ದಪ್ಪ ಇನ್ನೊಂದು ದಿಣ್ಣೆಯಾಚೆ, ಕಣ್ಣಿಗೂ ಕಿವಿಗೂ ಸಿಗದಷ್ಟು ದೂರದಲ್ಲಿ. ನಾನು ಬಂಡೆಯ ಮೇಲೆ. ಹಂದಿ ಬಂತು — ಒಂಟಿ ಸಲಗ, ಕೋರೆ ಬಾಯಿಂದಾಚೆ ಚಾಚಿತ್ತು. ಕೋವಿ ಹಾರಿತು. ಹಂದಿಯ ಮುಂಗಾಲು ಮಡಚಿಕೊಂಡಿತು, ಮೂತಿ ನೆಲಕ್ಕೆ ಬಡಿಯಿತು, ಎದ್ದಿತು, ಕುಂಟುತ್ತಾ ಲಂಟಾನದ ಪೊದೆ ಸೇರಿತು. ಕೆಳಗಿದ್ದ ಕರಿಯಣ್ಣನಿಗೆ ಹೊಗೆ ಅಡ್ಡ ಬಂದಿತ್ತು. ಅವನು ಆಗಲೇ ಸೊಂಟದಿಂದ ಮದ್ದಿನ ಕೊಂಬು ತೆಗೆದಿದ್ದ. ಗಜ ಕೈಯಲ್ಲಿತ್ತು. ತಲೆ ಎತ್ತಿ ನನ್ನ ಕಡೆ ನೋಡಿ ಕೂಗಿದ: "ಏನಾಯ್ತ್ಲಾ?"

ಆ ಒಂದು ಗಳಿಗೆಯಲ್ಲಿ ನಾನು ಯೋಚಿಸಿದ್ದನ್ನು ಇಲ್ಲಿ ಹಾಗೇ ಬರೆಯುತ್ತೇನೆ. ಗಾಯದ ಹಂದಿ ಎಂದರೆ ಸೋತು ಬೀಳುವವರೆಗೆ ಕಾಯಬೇಕು. ಕಾಯುವುದೆಂದರೆ ಇನ್ನೊಂದು ದಿನ, ಇನ್ನೊಂದು ದಿನದ ಕೂಲಿ, ನೀರು. ನನ್ನ ಹತ್ತಿರ ಇಲ್ಲ. ಇದು ದೂರ ಹೋಗಿರಲಾರದು, ಪೊದೆಯಲ್ಲೇ ಸತ್ತಿರುತ್ತದೆ, ಬೇಗ ಹೋದರೆ ಸಿಗುತ್ತದೆ. ಉಳಿದಿರುವುದು ಎರಡು ಏಟಿನ ಮದ್ದು — ಒಂದನ್ನು ಉಳಿಸಿದರೆ ಇನ್ನೊಂದು ಹಂದಿಗಾಯಿತು... ಇಷ್ಟೇ. ಕರಿಯಣ್ಣನ ಜೀವ ಆ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ.

"ಬಿತ್ತು ಕಣ್ಲಾ, ಬಿತ್ತು! ಸತ್ತು ಬಿದ್ದೈತೆ! ಇನ್ಯಾಕ್ಲಾ ಮದ್ದು ದಂಡ, ಓಡು ಓಡು!"

ಅವನು ಒಂದು ಕ್ಷಣ ತಡೆದ. ಮದ್ದನ್ನು ನಳಿಗೆಗೆ ಸುರಿಯಬೇಕೋ ಬೇಡವೋ ಎಂಬಂತೆ ಕೈ ಅಲ್ಲೇ ನಿಂತಿತು — ಅದು ನನಗೆ ಕಾಣಿಸಿತು. ಇಲ್ಲ, ತಾಳು ಎನ್ನಬಹುದಿತ್ತು. ಎನ್ನಲಿಲ್ಲ. ಅವನು ಗಜ ಸಿಕ್ಕಿಸಿಕೊಂಡು ಪೊದೆಯ ಕಡೆ ಓಡಿದ.

ಅವನ ಕಿರುಚಾಟ ನಾನು ಮರೆಯಲಾರೆ. ಹಂದಿ ತೊಡೆಯನ್ನು ಮೊಳಕಾಲಿನವರೆಗೆ ಸೀಳಿತ್ತು. ಪಂಚೆ ಹರಿದು ಕಟ್ಟಿದೆವು, ನಿಲ್ಲದು ರಕ್ತ. ಓಬಳೇಶನ ಜನ ಎಲ್ಲಿಂದಲೋ ಮಂಚ ತಂದು ಹೊತ್ತರು. ಗುಡ್ಡ ಇಳಿದು ರಸ್ತೆಗೆ ಬಂದರೆ ಬಾಡಿಗೆ ಗಾಡಿಗೆ ನನ್ನ ಬಳಿ ದುಡ್ಡಿಲ್ಲ! ಅಷ್ಟು ದಿನ ತಲೆಕೆಡಿಸಿಕೊಂಡು ಹಾಕಿದ ಲೆಕ್ಕದಲ್ಲಿ, ಮನುಷ್ಯನಿಗೆ ಪೆಟ್ಟಾದರೆ ಎಂದು ಒಂದು ಬಿಡಿಗಾಸನ್ನೂ ಇಟ್ಟಿರಲಿಲ್ಲ. ಕಡಲೆಕಾಯಿ ಹೇರಿಕೊಂಡು ಹೋಗುತ್ತಿದ್ದ ಲಾರಿಗೆ ಅಡ್ಡ ಬಂದು ಕೈ ಮುಗಿದು ನಿಂತೆ. ಮೂಟೆಗಳ ಮೇಲೆ ಮಲಗಿಸಿ ಆಸ್ಪತ್ರೆಗೆ ಸೇರಿಸಿದೆವು. ಬೇಟೆಗೆ ಲೈಸೆನ್ಸ್ ಇಲ್ಲದ್ದರಿಂದ, ಹೊಲ ಕಾಯುವಾಗ ತಿವಿಯಿತು ಎಂದು ಅಲ್ಲಿ ಹೇಳಿದೆವು. ಜೀವ ಉಳಿಯಿತು. ಕಾಲು ಮೊದಲಿನಂತಾಗಲಿಲ್ಲ.

ಹಂದಿ ಸಿಗಲೇ ಇಲ್ಲ. ಮುಂಗಡ ಕೊಟ್ಟವರಿಗೆ ನಾನು ಅಂಗಿ, ಪೈಜಾಮ ಹೊಲಿದುಕೊಟ್ಟು ತೀರಿಸಿದೆ. ಅದು ತೀರಿತು. ಆದರೆ ಊರಲ್ಲಿ ಕರಿಯಣ್ಣನ ಹೆಸರು ಕೆಟ್ಟಿತು. ಮದ್ದು ತುಂಬದೆ ಗಾಯದ ಹಂದಿಯ ಮೇಲೆ ಹೋದ ಪೆದ್ದ, ಮಾಂಸದಾಸೆಗೆ ಬಾಯಿಬಿಟ್ಟವನು ಎಂದು ಆಡಿಕೊಂಡರು. ಕೋವಿಯನ್ನು ತಮ್ಮ ತೆಗೆದುಕೊಂಡ. ನೇಗಿಲು ಹಿಡಿಯಲಾಗದೆ ಅವನು ಜಗಲಿಯ ಮೇಲೆ ಕೂತು ಹಗ್ಗ ಹೊಸೆಯತೊಡಗಿದ. ಹೊಲದ ಕೆಲಸವೆಲ್ಲ ಹೆಂಡತಿ ಲಕ್ಕಮ್ಮನ ಮೇಲೆ ಬಿತ್ತು. ನಾನು ಹೋದಾಗೆಲ್ಲ ಅವಳ ಬಾಯಲ್ಲಿ ಅದೇ ಮಾತು: "ಮದ್ದು ತುಂಬ್ದೆ ಯಾಕ್ ಹೋದೆ? ಏನ್ ಅವಸ್ರ ಬಂದಿತ್ತು ನಿಂಗೆ? ನಮ್ಮನ್ನೆಲ್ಲ ಬೀದಿಗಾಕ್ಬುಟ್ಟಲ್ಲ!" ಅವನು ತಲೆ ತಗ್ಗಿಸಿ, "ಬಿದ್ದಿತ್ತು ಕಣಮ್ಮಿ, ತಿರ್ಗಾ ಎದ್ಬುಡ್ತು," ಎನ್ನುತ್ತಿದ್ದ. ಓಡು ಎಂದವನು ಇಲ್ಲೇ ಕೂತು ಅವಳ ಕೈಯ ಕಾಫಿ ಕುಡಿಯುತ್ತಿದ್ದಾನೆ ಎಂದು ಒಂದು ಸಲವೂ ಹೇಳಲಿಲ್ಲ. ಯಾಕೆ ಎಂದು ಒಮ್ಮೆ ನಾನೇ ತಡೆಯಲಾರದೆ ಕೇಳಿದೆ. "ನೀನು ಕಂಡಿದ್ದ ಹೇಳ್ದೆ. ಮದ್ದು ತುಂಬ್ಬೇಕಾದೋನು ನಾನು. ನಿನ್ನ ಯಾಕ್ ಎಳ್ತರಲಿ?" ಎಂದ. ನೀನು ಕಂಡಿದ್ದ ಹೇಳ್ದೆ — ಥೂ, ಆ ಕಾಫಿ ನನ್ನ ಗಂಟಲಲ್ಲಿ ಹೇಗೆ ಇಳಿಯಿತೋ!

ವರ್ಷಗಳು ಹೋದವು. ಈಗ ಎಂಬತ್ತರ ದಶಕವೂ ಮುಗಿಯುತ್ತಾ ಬಂತು. ಮೊನ್ನೆ ಅವನ ಮಗಳ ನಿಶ್ಚಿತಾರ್ಥಕ್ಕೆ ಹೋಗಿದ್ದೆ. ಬೀಗರ ಕಡೆಯ ಒಬ್ಬರು ತಮಾಷೆಗೆ, "ಗುರಿ ತಪ್ಪಿ ಹಂದಿ ಕೈಲಿ ತಿವಿಸ್ಕೊಂಡೋರು ನೀವೇ ಏನ್ರಿ?" ಎಂದುಬಿಟ್ಟರು. ಎಲ್ಲ ನಕ್ಕರು. ಕರಿಯಣ್ಣ ಕೋಲೂರಿ ಎದ್ದು ನಿಂತ. "ಗುರಿ ತಪ್ಪಿರ್ಲಿಲ್ಲ ಸಾಮಿ. ಒಂದೇ ಏಟ್ಗೆ ಕೆಡವಿದ್ದೆ. ಬೇಕಾರೆ ನಮ್ ಟೈಲರ್‌ನ ಕೇಳಿ, ಕಣ್ಣಾರೆ ನೋಡವ್ನೆ." ಎಲ್ಲರೂ ನನ್ನ ಕಡೆ ತಿರುಗಿದರು. ಅವನ ಮುಖದಲ್ಲಿ ಎಂಥ ಹೆಮ್ಮೆಯಿತ್ತು! ಕಾಲು ಹೋಗಿ, ಕೋವಿ ಹೋಗಿ, ಹೆಸರು ಹೋಗಿ, ಅವನಿಗೆ ಉಳಿದದ್ದು ಆ ಒಂದು ಏಟು. ಅದನ್ನೂ ನಾನೇ ಸುಳ್ಳು ಹೇಳಿ ಕೊಟ್ಟದ್ದು. "ಹೂಂ, ಬಿದ್ದಿತ್ತು," ಎಂದೆ. ಎರಡನೆಯ ಸಲ.

ಆಮೇಲೆ ಅನ್ನ ಸೇರಲಿಲ್ಲ. ಹೇಳಿದರೆ ಆ ಹೆಮ್ಮೆಯನ್ನೂ ಕಿತ್ತುಕೊಂಡಂತೆ. ಹೇಳದಿದ್ದರೆ... ಹೇಳದಿರುವುದು ಅವನಿಗಾಗಿ ಎಂದು ನನಗೆ ನಾನೇ ಬೂಸಿ ಬಿಡತೊಡಗಿದ್ದೆ. ಅದು ಗೊತ್ತಾದ ದಿನ ಅಂಗಡಿ ಮುಚ್ಚಿ ಬಸ್ಸು ಹತ್ತಿದೆ. ಇಳಿದು ವಾಪಸು ಹೋಗಿಬಿಡಲೇ ಎಂದು ಪ್ರತಿ ಸ್ಟಾಪಿನಲ್ಲೂ ಅನ್ನಿಸಿತು.

ಕರಿಯಣ್ಣ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಕೂರಲಿಲ್ಲ, ನಿಂತೇ ಹೇಳಿದೆ. ಮುಂಗಡದ ಮಾತು, ಮದ್ದಿನ ಮಾತು, ಬಂಡೆಯ ಮೇಲಿಂದ ಕಂಡದ್ದು, ಕೂಗಿದ್ದು. ಅವನ ಕೈ ನಿಂತಿತು. ಕಾಲಿನ ಬಗ್ಗೆ ಕೇಳುತ್ತಾನೆ, ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಿದ್ದೆ.

"ಅಂಗಾರೆ ನಾನೊಡ್ದಿದ್ದು ಬಿದ್ದಿರ್ಲೇ ಇಲ್ವಾ?" ಎಂದ.

ಆಗಲೂ ನಾಲಿಗೆ ತುದಿಗೆ ಸುಳ್ಳು ಬಂತು. ನುಂಗಿಕೊಂಡೆ. "ಇಲ್ಲ. ಮುಂಗಾಲ್ಗೆ ತಗುಲ್ತು. ಎದ್ದು ಹೋಯ್ತು."

ಅವನು ಹಗ್ಗ ಪಕ್ಕಕ್ಕಿಟ್ಟ. ಆಮೇಲೆ ಒಳಗೆ ತಿರುಗಿ ಕೂಗಿದ: "ಲೇ ಲಕ್ಕಿ, ಬಾ ಇಲ್ಲಿ. ಟೈಲರ್ ಏನೋ ಹೇಳ್ತಾನೆ, ಕೇಳ್ಕೊ." ನನ್ನ ಕಡೆ ನೋಡದೆ ಹೇಳಿದ, "ಮದ್ದು ತುಂಬ್ತಿದ್ನೋ ಇಲ್ವೋ ನಾನು, ಅದ್ನ ಹೇಳ್ಲಾ ಅವ್ಳಿಗೆ."

ಲಕ್ಕಮ್ಮ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಒರಗಿದಳು. ತುಂಬುತ್ತಿದ್ದ, ಗಜ ಕೈಯಲ್ಲಿತ್ತು, ಬೇಡ ಓಡು ಎಂದವನು ನಾನು — ಎಲ್ಲ ಮತ್ತೆ ಹೇಳಿದೆ. ಅವಳು ಕಿರುಚಲಿಲ್ಲ, ಶಾಪ ಹಾಕಲಿಲ್ಲ. ನನ್ನನ್ನು ಹೊಸಬನನ್ನು ನೋಡುವಂತೆ ನೋಡಿದಳು.

"ಇಷ್ಟು ವರ್ಸ ನನ್ ಬಾಯಲ್ಲಿ ಇವ್ನ ಬೈಯಿಸ್ಬುಟ್ಟಲ್ಲಪ್ಪಾ ನೀನು," ಎಂದಳು. "ದಿನಾ ಬೈದಿವ್ನಿ. ಉಣ್ಣಾಕಿಕ್ಕೋವಾಗ್ಲೂ ಬೈದಿವ್ನಿ. ನೀನಿಲ್ಲೇ ಕುಂತು ಕೇಳ್ತಿದ್ದೆ."

ಅವಳು ಕೈ ಒರೆಸಿಕೊಂಡು ಬಂದು ಅವನ ಪಕ್ಕ, ಆ ಕೆಟ್ಟ ಕಾಲಿನ ಕಡೆ, ಕೂತಳು. ನನಗೆ ಕೂರು ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.