ಪರದೆಯ ಮರೆಯಲ್ಲಿ ನುಂಗಿದ ಮಾತು

ಅಬ್ಬಾಸ್, ಆ ಸಂಜೆ ಪರದೆಯ ಮರೆಯಿಂದ ನಾನು ನಿಮಗೆ ಮಾತು ಎತ್ತಿಕೊಡಲೇ ಇಲ್ಲ. ಎತ್ತಿಕೊಟ್ಟೆ, ನಿಮಗೆ ಕೇಳಿಸಲಿಲ್ಲ ಎಂದು ಇಷ್ಟು ವರ್ಷ ಎಲ್ಲರೂ ನಂಬುವಂತೆ ಬಿಟ್ಟೆ — ನೀವೂ.

ದೋಹಾದ ನಮ್ಮ ಕನ್ನಡದವರೇ ಕಟ್ಟಿದ ನಾಟಕ. ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ಇಂಗ್ಲಿಷ್ ನಟನ ಬದುಕು: ಗ್ಯಾಸ್ ದೀಪದ ರಂಗದಲ್ಲಿ ಸೇವಕನ ಪಾತ್ರದಿಂದ ಆರಂಭಿಸಿ, ರೈಲಿನಲ್ಲಿ ಊರೂರು ಅಲೆದು, ರಾಜನ ಪಾತ್ರಗಳಿಗೆ ಏರಿ, ಕೊನೆಗೆ ಪ್ರೇಕ್ಷಕರಿಗೆ ವಿದಾಯ ಹೇಳುವವನು. ಆ ನಟ ನೀವು. ಪ್ರಾಂಪ್ಟರ್ ನಾನು.

ನಾನು ನಿವೃತ್ತ ಮೇಷ್ಟ್ರು. ತಾಲೀಮು ಹೇಳಿದ ಹೊತ್ತಿಗೆ ಶುರುವಾಗಬೇಕು. ನೀವು ಸೂಕ್ ವಾಕಿಫ್ ಪೇಟೆಯ ಅತ್ತರಿನಂಗಡಿ ಮುಚ್ಚಿ ಬರುವಾಗ ದಿನವೂ ತಡ. ಒಮ್ಮೆ ಗದರಿದೆ.

"ಎಂತ ಸಾರ್, ನಾಟಕಕ್ಕೂ ಅಸೆಂಬ್ಲಿ ಬೆಲ್ಲಾ? ಬೆಂಚಿನ ಮೇಲೆ ನಿಲ್ಲಿಸ್ತೀರಾ ಮಾರಾಯ್ರೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ — ಆದರೆ ಒಳಗೆ...

ಪ್ರದರ್ಶನದ ದಿನ ವಿದಾಯದ ಮಾತಿಗೆ ಬಂದು ನಿಂತಿರಿ. ಸಾಲು ಮರೆತಿತ್ತು. ನಿಮ್ಮ ಕಣ್ಣು ಮೆಲ್ಲನೆ ನನ್ನತ್ತ ಹೊರಳಿತು. ಸಾಲು ನನ್ನ ನಾಲಿಗೆಯ ಮೇಲೇ ಇತ್ತು. ಕೊಂಚ ಒದ್ದಾಡಲಿ, ತಾಲೀಮಿನ ಬೆಲೆ ತಿಳಿಯಲಿ — ಒಂದೇ ಕ್ಷಣ, ಎಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಯಾರೋ, "ಯಲ್ಲಾ, ಖಲಾಸ್!" — ನಡಿ, ಮುಗೀತು — ಎಂದು ಅರಬ್ಬಿಯಲ್ಲಿ ಕೂಗಿದರು. ಸಭೆ ನಕ್ಕಿತು. ನೀವು ತಲೆಬಾಗಿ ಒಳಗೆ ಬಂದುಬಿಟ್ಟಿರಿ.

ಬಂದವರೇ ನನ್ನ ಕೈ ಹಿಡಿದುಕೊಂಡಿರಿ. "ಕ್ಷಮಿಸಿ ಸಾರ್. ನೀವು ಹೇಳಿದ್ರಿ, ನನ್ನ ಕಿವಿಗೇ ಬೀಳ್ಲಿಲ್ಲ."

ಆಗಲೇ ಹೇಳಬಹುದಿತ್ತು. "ಪರವಾಗಿಲ್ಲ ಬಿಡಿ" ಎಂದೆ. ನಾನು ನಿಮ್ಮನ್ನು ಕ್ಷಮಿಸಿದೆ, ಅಬ್ಬಾಸ್ — ನಾನು!

ಆಮೇಲೆ ನೀವು ಬಣ್ಣ ಹಚ್ಚಲಿಲ್ಲ. ಬಿನ್ ಮಹಮೂದ್ ಬಡಾವಣೆಯ ಡಾಕ್ಟರು ಕಿವಿ ಚೆನ್ನಾಗಿದೆ ಎಂದರೂ ನೀವು ಒಪ್ಪಲಿಲ್ಲವೆಂದು ನಿಮ್ಮ ಹೆಂಡತಿ ಜೊಹರಾ ಹೇಳಿದರು. "ಮತ್ತೆ ಸಾರ್ ಸುಳ್ಳು ಹೇಳ್ತಾರಾ?" ಎಂದಿರಂತೆ. ಅಂದಿನಿಂದ ಮನೆಯವರೆಲ್ಲ ನಿಮ್ಮೊಡನೆ ಗಟ್ಟಿಯಾಗಿ ಮಾತಾಡುತ್ತಾರೆ. ಸತ್ಯ ಗೊತ್ತಿದ್ದೂ ನಾನೂ ಹಾಗೆಯೇ ದನಿ ಏರಿಸುತ್ತ ಬಂದೆ.

ಈಗ ಅದೇ ನಾಟಕವನ್ನು ಮತ್ತೆ ಆಡುತ್ತಾರೆ. ಹುಡುಗರು ನಿಮ್ಮನ್ನು ಕರೆದರೆ, "ಕಿವುಡನಿಗೆ ಎಂತ ಪಾರ್ಟು" ಎಂದು ನಕ್ಕು ಕಳಿಸಿದಿರಿ. ಆ ನಗುವನ್ನು ಕೇಳಿದ ಮೇಲೆ ಸುಮ್ಮನಿರಲು ನನ್ನಿಂದ...

ಶುಕ್ರವಾರ ನಿಮ್ಮ ಮನೆಗೆ ಬರುತ್ತೇನೆ. ಜೊಹರಾ ಅವರೂ ಇರಲಿ. ಇದಿಷ್ಟನ್ನೂ ಮೆಲುದನಿಯಲ್ಲೇ ಹೇಳುತ್ತೇನೆ. ನಿಮಗೆ ಕೇಳಿಸುತ್ತದೆ.